ನಾಲ್ಕು ಬಟ್ಟಲು ನೀರು

ಮಂಗಳೂರಿನ ಮಳೆಗಾಲದಲ್ಲಿ ದೇವರಿಲ್ಲದ ಜಾಗ ಸಿಕ್ಕೀತು, ತೇವವಿಲ್ಲದ ಜಾಗ ಸಿಗಲಿಕ್ಕಿಲ್ಲ. ಜೆಪ್ಪುವಿನ ಶಶಿಪ್ರಭಾಳ ಅಡುಗೆಮನೆಯಲ್ಲಿ ಉಪ್ಪು ನೀರಾಗಿತ್ತು, ಹಪ್ಪಳ ಬಟ್ಟೆಯಾಗಿತ್ತು, ಬೆಂಕಿಪೆಟ್ಟಿಗೆ ಬರೀ ಪೆಟ್ಟಿಗೆಯಾಗಿತ್ತು. ಅದೆಲ್ಲ ಪ್ರತಿ ವರ್ಷದ್ದು. ಈ ವರ್ಷ ಅದರ ಮೇಲೆ ಜಿರಳೆ.

ಅದೂ ಬರಬಾರದ ಹೊತ್ತಿಗೆ. ಮಗಳು ಮನ್ವಿತಾಳ ಸೀಮಂತ ಮುಗಿದಿತ್ತು, ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕು. ಅವಳಿಗೆ ಚಿಕ್ಕಂದಿನಿಂದಲೂ ದಮ್ಮು. ಜಿರಳೆ ಓಡಾಡಿದಲ್ಲಿ, ಬೂಷ್ಟು ಹಿಡಿದಲ್ಲಿ ಎದೆ ಸೀಟಿ ಊದುತ್ತದೆ. ಕಳೆದ ಸಲ ಬಂದವಳು ಚಮಚದ ಡ್ರಾವರ್ ಎಳೆದು, ಒಳಗೆ ಸಂಸಾರ ಹೂಡಿದವರನ್ನು ಕಂಡು, ಕೆಮ್ಮುತ್ತಲೇ ಕೊಡಿಯಾಲ್‌ಬೈಲಿನ ಗಂಡನ ಮನೆಗೆ ತಿರುಗಿದ್ದಳು.

"ಅಮ್ಮಾ, ತಿಂಗಳ ಕೊನೆಗೆ ಬಂದು ನೋಡ್ತೇನೆ," ಎಂದಿದ್ದಳು ಫೋನಿನಲ್ಲಿ. "ಆಗಲೂ ಹೀಗೇ ಉಂಟಾದ್ರೆ ಬಾಣಂತನ ಇಲ್ಲೇ ಆಗ್ಲಿ. ಅತ್ತೆ ಮಾಡ್ತಾರಂತೆ."

ಚೊಚ್ಚಲ ಬಾಣಂತನ ಬೀಗತಿಯ ಕೈಗೆ! ಶಶಿಪ್ರಭಾಳಿಗೆ ಅನ್ನ ಸೇರಲಿಲ್ಲ. ಗಂಡ ಲೋಕನಾಥ ಟವೆಲನ್ನು ಸೆರಗಿನ ಹಾಗೆ ಹೊದ್ದು, ಗಂಟಲು ಸಣ್ಣ ಮಾಡಿ ಬೀಗತಿಯಾದ. "ನಮ್ಮದು ಏಳನೇ ಮಾಳಿಗೆ ಅಲ್ವಾ? ಜಿರಳೆ ಬರ್ಬೇಕಾದ್ರೂ ವಾಚ್‌ಮ್ಯಾನ್ ಹತ್ರ ಹೆಸ್ರು ಬರೆಸ್ಬೇಕು."

"ನಗ್ಲಿಕ್ಕೆ ಶಕ್ತಿ ಇಲ್ಲ ಮಾರಾಯ್ರೆ."

ಇರಲೂ ಇಲ್ಲ. ಮದ್ದು ಹೊಡೆಯುವ ಆನ್ಸನ್ ಎರಡು ಸಲ ಬಂದು ಹೋಗಿದ್ದ. ಎರಡು ಸಲವೂ ಅವಳು ಇದ್ದಬದ್ದ ಪಾತ್ರೆಗಳನ್ನೆಲ್ಲ ಹೊರಗೆ ಹೊತ್ತು, ತೊಳೆದು, ಮತ್ತೆ ಒಳಗೆ ಹೊತ್ತಿದ್ದಳು. ಜಿರಳೆಗಳು ಮದುವೆಗೆ ಹೋದವರ ಹಾಗೆ ನಾಲ್ಕು ದಿನ ಕಾಣೆಯಾಗಿ, ಮಕ್ಕಳು ಮರಿಗಳ ಸಮೇತ ಮರಳಿದ್ದವು.

"ಇದು ಅಡುಗೆಮನೆ ಅಲ್ಲ ಶಶಿ, ಅಡಗುಮನೆ," ಎಂದು ಲೋಕನಾಥ ಕೊಟ್ಟಾರದ ಆಫೀಸಿಗೆ ಹೊರಟುಬಿಟ್ಟ.

ಮರುದಿನ ಬೆಳಗಾಗುವ ಹೊತ್ತಿಗೆ ಕರೆಂಟು ಇರಲಿಲ್ಲ. ಶಶಿಪ್ರಭಾ ಎಂದಿನಂತೆ ಚೊಂಬಿನಲ್ಲಿ ನೀರು ಹಿಡಿದು ಅಡುಗೆಮನೆಗೆ ಬಂದಳು. ಜಾಲರಿ ಬಾಗಿಲಿನ ಮರದ ಕಪಾಟಿನ ನಾಲ್ಕು ಕಾಲಿಗೂ ಒಂದೊಂದು ಕಲ್ಲಿನ ಬಟ್ಟಲು, ಬಟ್ಟಲ ತುಂಬ ನೀರು. ಇರುವೆ ಹತ್ತದಿರಲಿ ಎಂದು ಅತ್ತೆ ಮಾಡಿಟ್ಟ ಕ್ರಮ. ಅತ್ತೆ ಹೋದ ಮೇಲೂ ಅವಳು ತಪ್ಪಿಸಿದವಳಲ್ಲ. ದೇವರಿಗೆ ದೀಪ, ಕಪಾಟಿಗೆ ನೀರು.

ಬಗ್ಗಿ ಮೊಬೈಲಿನ ಬೆಳಕು ಬಿಟ್ಟಳು. ಬಟ್ಟಲ ಅಂಚಿನ ಸುತ್ತ ಜಿರಳೆಗಳು, ನೀರಿನ ತೊಟ್ಟಿಗೆ ಬಾಯಿಟ್ಟ ದನಗಳ ಹಾಗೆ, ಮೀಸೆ ಇಳಿಬಿಟ್ಟು ಸಾವಕಾಶ ನೀರು ಕುಡಿಯುತ್ತಿದ್ದವು.

ಅವಳು ಚೊಂಬು ಹಿಡಿದುಕೊಂಡೇ ನೆಲಕ್ಕೆ ಕೂತಳು. ಅನ್ನ ಮುಚ್ಚಿಟ್ಟಿದ್ದಳು, ಕಸ ಹೊರಗಿಟ್ಟಿದ್ದಳು, ಮದ್ದು ಹೊಡೆಸಿದ್ದಳು. ನೀರು ಮಾತ್ರ ದಿನಾ ಕೈಯಾರೆ ಎರೆದಿದ್ದಳು.

ಎದ್ದು ಬಟ್ಟಲುಗಳನ್ನು ಚೆಲ್ಲಿದಳು. ಕಪಾಟು ಸರಿಸಿದರೆ ಹಿಂದಿನ ಗೋಡೆ ಕಪ್ಪಗೆ ಬೂಷ್ಟು, ಕಾಲಿನ ಮರ ಉಗುರು ಊರುವಷ್ಟು ಮೆತ್ತಗೆ. ಹಿತ್ತಿಲ ಬಾಗಿಲಲ್ಲಿ ಕಾಲೊರೆಸಲು ಹಾಸಿದ ಗೋಣಿ ಮಗುಚಿದರೆ ಅಡಿಯಲ್ಲಿ ಮರಿಗಳು. ಸಿಂಕಿನ ಕೆಳಗೆ ಪೈಪು ತೊಟ್ಟಿಕ್ಕುತ್ತಿತ್ತು. ಸೋರಿದಲ್ಲಿ ಪಾತ್ರೆ ಇಟ್ಟು ಮರೆಯುವ ಊರ ಬುದ್ಧಿಯಿಂದ ಅಲ್ಲೊಂದು ಬಕೆಟ್ ಇಟ್ಟು ಮರೆತಿದ್ದಳು. ಕುಚ್ಚಲಕ್ಕಿ ಗಂಜಿ ಬಸಿಯಲು ಪಾತ್ರೆ ವಾಲಿಸುವ ಮೂಲೆಯಂತೂ ಸದಾ ಅಂಟಂಟು.

ಆ ತಿಂಗಳು ಶಶಿಪ್ರಭಾ ಅಡುಗೆಗಿಂತ ಹೆಚ್ಚು ಒರೆಸಿದಳು. ಪೈಪು ರಿಪೇರಿ ಮಾಡಿಸಿದಳು. ಗೋಣಿ ಎಸೆದಳು. ಗೋಡೆಯ ಬೂಷ್ಟು ಉಜ್ಜಿ ತೆಗೆದು, ಕಪಾಟನ್ನು ಗೋಡೆಯಿಂದ ಗೇಣು ದೂರ ನಿಲ್ಲಿಸಿ ಗಾಳಿಯಾಡಲು ಬಿಟ್ಟಳು. ಅಕ್ಕಿ ಬೇಯುವಾಗ ಮಳೆಯ ಇರಚಲು ಬಂದರೂ ಒಂದು ಕಿಟಕಿ ತೆರೆದೇ ಇಟ್ಟಳು. ಮಲಗುವ ಮುಂಚೆ ಸಿಂಕು ಒರೆಸಿ ಒಣಗಿಸಿದಳು. ಭುಜ ಬಿದ್ದುಹೋಯಿತು. ಆನ್ಸನ್ ಮೂರನೇ ಸಲ ಬಂದು ಹೊಡೆದ ಮದ್ದು ಈ ಸಲ ನಾಟಿತು, ಜಿರಳೆ ಮರಳಲಿಲ್ಲ. ಆದರೆ ಬಟ್ಟಲು ತೆಗೆದದ್ದೇ ತಡ, ಬೆಲ್ಲಕ್ಕೆ ಇರುವೆ ಸಾಲು ಹಿಡಿಯಿತು.

"ಬಟ್ಟಲು ಇಡು ಮಾರಾಯ್ತಿ! ಚಾದಲ್ಲೂ ಇರುವೆ!"

"ಇಡುದಿಲ್ಲ. ಬೆಲ್ಲ ಬಿಗಿ ಡಬ್ಬಿಗೆ ಹಾಕಿದ್ದೇನೆ. ನೀವು ಮುಚ್ಚಳ ಸರೀ ಹಾಕಿ, ಸಾಕು."

ಹೇಳಿದ ಹಾಗೆ ಮನ್ವಿತಾ ಬಂದಳು. ಕೈಯಲ್ಲಿ ಸಣ್ಣ ಬ್ಯಾಗು ಮಾತ್ರ. ಶಶಿಪ್ರಭಾ ಅವಳ ಹಿಂದೆ ದೊಡ್ಡ ಪೆಟ್ಟಿಗೆಗಾಗಿ ಕಣ್ಣಾಡಿಸಿದಳು. ಮಗಳು ಡ್ರಾವರ್ ಎಳೆದಳು, ಕಪಾಟಿನ ಹಿಂದೆ ಇಣುಕಿದಳು, ಸಿಂಕಿನ ಕೆಳಗೆ ಬಗ್ಗಲಾರದೆ ಅಪ್ಪನನ್ನು ಬಗ್ಗಿಸಿದಳು.

"ಬರೀ ಇರುವೆ, ಮೇಡಂ," ಎಂದ ಲೋಕನಾಥ, ಥೇಟ್ ಆನ್ಸನ್ನನ ದನಿಯಲ್ಲಿ.

"ಇರುವೆಗೆ ನಂಗೆ ದಮ್ಮು ಬರುದಿಲ್ಲ," ಮನ್ವಿತಾ ನಕ್ಕಳು. "ಪಪ್ಪಾ, ಸೂಟ್‌ಕೇಸ್ ಕಾರಲ್ಲಿ ಉಂಟು."

ಊಟವಾಗಿ ಅವಳು ಒಳಕೋಣೆಯಲ್ಲಿ ಮಲಗಿದಳು. ಶಶಿಪ್ರಭಾ ಬಾಗಿಲಿಗೆ ಒರಗಿ ಕೂತು ಕಿವಿಗೊಟ್ಟಳು. ಹೊರಗೆ ಮಳೆ ಧೋ ಎನ್ನುತ್ತಿತ್ತು. ಮಗಳ ಉಸಿರಿನಲ್ಲಿ ಸೀಟಿ ಇರಲಿಲ್ಲ. ಏಳಬೇಕೆಂದುಕೊಂಡಳು, ಮೈ ಕೇಳಲಿಲ್ಲ.

"ಶಶೀ, ಒಂದು ಚಾ ಸಿಗ್ಬಹುದಾ?"

"ನೀವೇ ಮಾಡಿ," ಎಂದಳು ಕಣ್ಣು ಮುಚ್ಚಿಕೊಂಡೇ. "ನಂಗೂ ಒಂದು. ಮತ್ತೆ ಸಿಂಕು ಒರೆಸಿಯೇ ಬನ್ನಿ."