ಡಮಾಮಿಗೆ ಬಿಸಿಲು ಕಾಯಿಸಿದ್ದು

ಉರಿಯುವ ಭತ್ತದ ಹುಲ್ಲು, ಅದರ ಹೊಗೆಯಲ್ಲಿ ಮೆಲ್ಲಗೆ ಕಾಯುವ ಚರ್ಮ. ಅನ್ನಾಬಾಯಿಗೆ ಬಾಲ್ಯವೆಂದರೆ ಈ ವಾಸನೆ. ಅಪ್ಪ ಅಂತೋನಿ ತನ್ನ ಡಮಾಮಿಯನ್ನು, ಅಂದರೆ ಎರಡೂ ಕಡೆ ಚರ್ಮ ಬಿಗಿದ ಸಿದ್ದಿಗಳ ಆ ದೊಡ್ಡ ಡೋಲನ್ನು, ಎಳೆಗೂಸಿಗೆ ಬಿಸಿ ಕೊಟ್ಟಂತೆ ಹೊರಳಿಸಿ ಹೊರಳಿಸಿ ಕಾಯಿಸುತ್ತಿದ್ದ. ಅದು ಧಮ್ಮೆಂದಾಗಲೇ ಮನೆಯ ಸತ್ತ ಹಿರಿಯರು ಊಟಕ್ಕೆ ಬರುವುದು. ಅವರು ಉಂಡ ಮೇಲಷ್ಟೇ ಬದುಕಿದ್ದವರಿಗೆ ಎಲೆ. ಗೋಡೆಯ ಮೇಲೆ ಯೇಸುವಿನ ಪಟವೂ ಇತ್ತು. ಯೇಸು ಈ ವ್ಯವಹಾರದಲ್ಲಿ ತಲೆ ಹಾಕುತ್ತಿರಲಿಲ್ಲ.

ಈಗ ಆ ಡಮಾಮಿ ಹಳಿಯಾಳದ ಪುಟ್ಟ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ, ಡಾಂಬರು ಗುಳಿಗೆಗಳ ನಡುವೆ ಮಲಗಿತ್ತು. ಕೊಟ್ಟವಳು ಅನ್ನಾಬಾಯಿಯೇ. ಮನೆಯಲ್ಲಿ ಇಲಿ ಕಾಟ. ಮಗ ಲುಯಿಸ್ ದಾಂಡೇಲಿಯ ಪ್ರವಾಸಿಗರ ಮುಂದೆ ಬಾರಿಸಲು ನೀಲಿ ಪ್ಲಾಸ್ಟಿಕ್ ಡ್ರಮ್ಮಿಗೆ ಚರ್ಮ ಕಟ್ಟಿಕೊಂಡಿದ್ದ. ಹೋದ ವರ್ಷ ಹಿರಿಯರ ಹಬ್ಬಕ್ಕೆ ಅದನ್ನೇ ಬಡಿದರು. ಯಾರ ಮೈಮೇಲೂ ಯಾರೂ ಬರಲಿಲ್ಲ.

“ಟೂರಿಸ್ಟ್ ಬಂದಾರಂತ ತಿಳದು ಮಲಕೊಂಡಾರ,” ಎಂದಿದ್ದಳು ಚಿಕ್ಕಪ್ಪನ ಮಗಳು ಹೊಳೆವ್ವ.

ತೀರಿಹೋದ ಅಪ್ಪ ಉಪವಾಸ ಉಳಿದ ಎಂಬುದು ವರ್ಷವಿಡೀ ಅನ್ನಾಬಾಯಿಯನ್ನು ಕೊರೆಯುತ್ತಿತ್ತು. ಹಾಗಾಗಿ ಈ ಸಲ ಅವಳು ಅನ್ನ, ಕೋಳಿ ಸಾರು, ಹೊಳೆವ್ವ, ಲುಯಿಸ್ ಎಲ್ಲವನ್ನೂ ಒಂದೇ ಟೆಂಪೋದಲ್ಲಿ ತುಂಬಿಕೊಂಡು ಹಳಿಯಾಳಕ್ಕೇ ಬಂದಳು.

ಬಾಗಿಲು ಕಾಯುವ ರುದ್ರೇಶ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕೂತಿದ್ದ. ಅವನ ಹಿಂದೆ, ಸೀರೆ ಅಂಗಡಿಯಿಂದ ತಂದ ಗೊಂಬೆಗೆ ಶಾಲೆಯ ಹಲಗೆಗೆ ಬಳಿಯುವ ಕಪ್ಪು ಬಳಿದು, ‘ಸಿದ್ದಿ ಮಹಿಳೆ’ ಎಂದು ಬೋರ್ಡು ತಗುಲಿಸಿ ನಿಲ್ಲಿಸಿದ್ದರು.

“ಇಕಿ ಯಾರ ಪೈಕಿಯೋ ತಮ್ಮಾ? ಮೂಗು ನೋಡಿದ್ರ ನಿಮ್ಮ ಸ್ವಾದರತ್ತಿ ಕಂಡಂಗ ಕಾಣ್ತಾಳ,” ಎಂದಳು ಅನ್ನಾಬಾಯಿ.

“ಬಣ್ಣ ಬಳಿಯೂ ಮುಂದ ನಾ ರಜಾದಾಗ ಇದ್ದೆ ಆಯೀ.”

ಡಮಾಮಿಯ ಬೋರ್ಡಿನ ಮೇಲೆ ‘ಆಡಿನ ಚರ್ಮ’ ಎಂದಿತ್ತು. ಅದು ಯಾವ ಆಡು ಎಂಬುದನ್ನು ಕುಳಗಿಯ ಕಾಡೇ ಹೇಳಬೇಕು. ಕೊಡುವಾಗ ಯಾವ ಪ್ರಾಣಿಯದೆಂದು ಹೇಳಲು ಅವಳು ತಡವರಿಸಿದ್ದನ್ನು ಕಂಡು ರುದ್ರೇಶನೇ ಹಾಗೆ ಬರೆದು ಮುಗಿಸಿದ್ದ. ಆವತ್ತಿನಿಂದ ಹುಡುಗ ಒಳ್ಳೆಯವನೆಂದು ಅವಳ ಲೆಕ್ಕ.

ಬಂದ ಕಾರಣ ಕೇಳಿ ಅವನು ಗೋಡೆ ತೋರಿಸಿದ. “ಮುಟ್ಟಬಾರದು ಅಂತ ಬೋರ್ಡ್ ಐತ್ರಿ.”

“ನಾ ಎಲ್ಲಿ ಮುಟ್ತೇನಿ? ಬಡೀತೇನಿ.”

“ಅಧ್ಯಕ್ಷರು ನನ್ನ ತೊಗಲು ಸುಲದು ಇದರ ಬಾಜೂಕ ಇಡ್ತಾರ.”

“ನಿನ್ನ ತೊಗಲಿಗೆ ಸಪ್ಪಳ ಬರೂದಿಲ್ಲ ಬಿಡು,” ಎಂದಳು ಹೊಳೆವ್ವ. ಬೆಳಗಿನಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ಅನ್ನಾಬಾಯಿ ನಗಲಿಲ್ಲ. “ನಮ್ಮಪ್ಪ ಹೋದ ವರ್ಷ ಉಂಡಿಲ್ಲೋ ತಮ್ಮಾ,” ಎಂದಳು.

ರುದ್ರೇಶ ಗೊಂಬೆಯ ಮೂಗಿನತ್ತ ಒಮ್ಮೆ ನೋಡಿದ. ಆಮೇಲೆ ಪೆಟ್ಟಿಗೆಯ ಬೀಗ ತೆಗೆದು, ಡಮಾಮಿಯನ್ನು ಎರಡೂ ಕೈಯಲ್ಲಿ ಎತ್ತಿ, ಹಿತ್ತಲಿಗೆ ಒಯ್ದು ಇಟ್ಟ.

“ಹುಳ ಹತ್ತಬಾರದಂತ ಆಗಾಗ ಬಿಸಲಿಗೆ ಇಡಬೇಕ್ರಿ. ನಿಯಮ ಐತಿ.”

ಆಕಾಶದಲ್ಲಿ ಬಿಸಿಲಿನ ಸುಳಿವೇ ಇರಲಿಲ್ಲ. ಮಡಕೆ ಕುಡಿಕೆಗಳನ್ನು ಸುತ್ತಿ ತಂದಿದ್ದ ಹುಲ್ಲಿನ ರಾಶಿಯೊಂದನ್ನು ಅವನು ಕಾಲಿನಿಂದ ಡಮಾಮಿಯ ಹತ್ತಿರಕ್ಕೆ ನೂಕಿದ. “ಈ ಕಸ ಯಾರರ ಸುಟ್ರ ಪುಣ್ಯ ಬರ್ತೈತಿ. ನಾ ಚಾ ಕುಡದ ಬರ್ತೇನಿ.”

ಲುಯಿಸ್ ಕಡ್ಡಿ ಗೀರಿದ. ಮೊದಲ ಪೆಟ್ಟಿಗೆ ಡಮಾಮಿ ಒದ್ದೆ ಚೀಲದಂತೆ ಧಪ್ಪೆಂದಿತು. ಅನ್ನಾಬಾಯಿ ಅದನ್ನು ಕಸಿದುಕೊಂಡು, ಅಪ್ಪನ ಹಾಗೆ, ಹೊರಳಿಸಿ ಹೊರಳಿಸಿ ಹಿಡಿದಳು. ಡಾಂಬರು ಗುಳಿಗೆಯ ನಾತ ಆರಿ, ಅದರಡಿಯಿಂದ ಹಳೆಯ ವಾಸನೆ ಎದ್ದಿತು. ಮತ್ತೆ ಬಡಿದಳು.

ಧಮ್!

ಹೊಳೆವ್ವನ ಹೆಗಲು ಅದುರಿತು, ಕಣ್ಣು ಮೇಲಾಯಿತು. “ಅನ್ನೀ!” ಗಂಡು ದನಿ. “ಈ ಗುಳಿಗಿ ಯಾಕ ಇಟ್ಟಿ? ಸೀನಿ ಸೀನಿ ಸಾಯಾಕತ್ತೇನಿ!”

“ನೀ ಸತ್ತು ಜಮಾನಾ ಆತಲ್ಲ ಅಜ್ಜಾ,” ಎಂದ ಲುಯಿಸ್.

“ನಿನ್ನ ಪ್ಲಾಸ್ಟಿಕ್ ಡಬ್ಬಿ ಹೊಳಿಗೆ ಎಸಿ! ಕಾಲಿನ ತುಂಡು ಎಲ್ಲೈತಿ?”

ಎರಡನೆಯ ಕಾಲನ್ನೂ ಕೇಳಿದಾಗ, ಬಂದವನು ಅಪ್ಪನೇ ಎಂಬುದರಲ್ಲಿ ಅನ್ನಾಬಾಯಿಗೆ ಅನುಮಾನ ಉಳಿಯಲಿಲ್ಲ. ಬಾಗಿ ಬಾಗಿ ಬಡಿಸಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಹೊಗೆಯೆಂದಳು.

ರುದ್ರೇಶ ಮರಳಿದಾಗ ಎಲ್ಲರೂ ಉಂಡು ಹಿತ್ತಲು ಗುಡಿಸಿಯಾಗಿತ್ತು. ಹೊಗೆ ಮಾತ್ರ ಇನ್ನೂ ಮಾಡಿನಡಿಯಲ್ಲಿ ಸುಳಿಯುತ್ತಿತ್ತು. ಅವನು ಡಮಾಮಿಯ ಬೆಚ್ಚಗಿನ ಚರ್ಮದ ಮೇಲೆ ಅಂಗೈ ಇಟ್ಟ.

“ಬಿಸಲು ಬಾಳ ಇತ್ತೇನ್ರಿ?”

“ಬಾಳ ಇತ್ತಪಾ.”

ಅದನ್ನು ಮತ್ತೆ ಪೆಟ್ಟಿಗೆಯಲ್ಲಿ ಮಲಗಿಸುವಾಗ ಗುಳಿಗೆಗಳನ್ನು ಒಂದೊಂದಾಗಿ ಆರಿಸಿ ಕಿಟಕಿಯಾಚೆ ಎಸೆದ. ಅವುಗಳ ಜಾಗದಲ್ಲಿ ಏನಿಡಬೇಕೆಂದು ಕೇಳಿದ. ಬೇವಿನ ಎಲೆ ಸಾಕೆಂದಳು ಅನ್ನಾಬಾಯಿ.

ಹೊರಗೆ ಟೆಂಪೋ ಹಾರ್ನ್ ಹೊಡೆಯುತ್ತಿತ್ತು. ಅವಳು ಕೈಚೀಲದ ತಳದಿಂದ ಬಿಳಿ ಬಟ್ಟೆಯಲ್ಲಿ ಕಟ್ಟಿದ ಸ್ಟೀಲ್ ಡಬ್ಬಿಯೊಂದನ್ನು ತೆಗೆದಳು. ಒಳಗೆ ರೊಟ್ಟಿ, ಬದನೆಕಾಯಿ ಪಲ್ಯ. ಬೆಳಿಗ್ಗೆ ಕೋಳಿ ಮುಟ್ಟುವ ಮೊದಲು, ಬೇರೆ ಒಲೆ ಹೂಡಿ ಮಾಡಿದ್ದು. ಅದನ್ನು ರುದ್ರೇಶನ ಕೈಗಿತ್ತಳು.