ಚೀಟಿಯಲ್ಲಿ ಬಂದ ಪಕ್ಷ

ಚೀಟಿ ಬಿಡಿಸಿ ನೋಡಿದ್ದೇ ನಳಿನಾಕ್ಷಿಯ ಮುಖ ಸಪ್ಪಗಾಯಿತು. 'ಪರ' ಎಂದಿತ್ತು.

ಐವತ್ತನಾಲ್ಕನೆಯ ಇಸವಿಯ ಫೆಬ್ರವರಿ. ಕಾಲೇಜಿನ ಕನ್ನಡ ಸಂಘದ ಚರ್ಚಾಸ್ಪರ್ಧೆಗೆ ಚರಿತ್ರೆಯ ಮೇಷ್ಟ್ರು ಸೆವರಿನ್ ಅವರು ಕೊಟ್ಟ ವಿಷಯ: ಅಮೆರಿಕದ ಬಿಳಿಯರು ಪಶ್ಚಿಮಕ್ಕೆ ಹಬ್ಬಿದ್ದು ಸರಿಯೇ? ಮಂಗಳೂರಿನಲ್ಲಿ ಬೇರೆ ವಿಷಯ ಸಿಗಲಿಲ್ಲವೇ ಎಂದು ಕೇಳಬೇಡಿ. ಆ ವರ್ಷ ಅವರು ಪಾಠ ಮಾಡುತ್ತಿದ್ದುದೇ ಅದನ್ನು.

"ಸರ್, ನಾನು ವಿರುದ್ಧ ಮಾತಾಡ್ತೇನೆ. ಅಲ್ಲಿ ಇದ್ದವರನ್ನು ಓಡಿಸಿದ್ದಲ್ವಾ ಅವರು?"

"ಚೀಟಿ ಅಂದ್ರೆ ಚೀಟಿ. ಮನಸ್ಸಿಲ್ಲದ ಪಕ್ಷ ಹಿಡಿದು ಗೆಲ್ಲು ನೋಡುವ, ಆಗ ನೀನು ಜಾಣೆ."

ಜಾಣೆ ಎನಿಸಿಕೊಳ್ಳುವ ಆಸೆ ಯಾರಿಗಿಲ್ಲ ಹೇಳಿ! ಕುಲಶೇಖರದಿಂದ ದಿನಾ ನಡೆದೇ ಕಾಲೇಜಿಗೆ ಬರುವ ಹುಡುಗಿ. ಅಪ್ಪ ಅಣ್ಣು ತೀರಿಕೊಂಡ ಮೇಲೆ ಅಮ್ಮ ಗುಲಾಬಿ ಒಂದೂವರೆ ಎಕರೆಯಲ್ಲಿ ಬಸಳೆ, ಬದನೆ, ಸೌತೆ ಬೆಳೆದು ಮಾರ್ಕೆಟ್ಟಿಗೆ ಹೊತ್ತು, ಅದರಲ್ಲೇ ಮಗಳನ್ನು ಓದಿಸುತ್ತಿದ್ದಳು. ಆ ನೆಲವೇನೂ ಅವರದ್ದಲ್ಲ, ಚಾಲಗೇಣಿಯದ್ದು. ಕಾಗದವಿಲ್ಲ, ಪತ್ರವಿಲ್ಲ, ವರ್ಷದಿಂದ ವರ್ಷಕ್ಕೆ ಧನಿಯ ಬಾಯಿಮಾತು ಅಷ್ಟೆ. ಏಪ್ರಿಲ್‌ನಲ್ಲಿ ಬಿಸು ಹಬ್ಬದ ಬೆಳಿಗ್ಗೆ ಹೊಸ ತರಕಾರಿಯ ಬುಟ್ಟಿ ಹೊತ್ತು ಧನಿ ಗುಣಪಾಲ ಹೆಗ್ಡೆಯವರ ಜಗಲಿಗೆ ಹೋಗಬೇಕು. ಅವರು "ಒಳಗಿಡು" ಎಂದರೆ ಇನ್ನೊಂದು ವರ್ಷ ನೆಲವೂ ಉಂಟು, ಮನೆಯೂ ಉಂಟು. ಹತ್ತೊಂಬತ್ತು ವರ್ಷ ಅವರು ಹಾಗೆಯೇ ಹೇಳಿದ್ದರು.

ಸ್ಪರ್ಧೆಯ ದಿನ ವಿರುದ್ಧ ಪಕ್ಷದಲ್ಲಿ ಮರದ ವ್ಯಾಪಾರಿಯ ಮಗ ಝಕರಿಯಾ ಮೊದಲು ಮಾತಾಡಿದ. ಅಲ್ಲಿನ ಮೂಲ ಜನರಿಗೆ ಸಹಿ ಹಾಕಿ ಬಿಟ್ಟುಕೊಟ್ಟ ನೆಲವನ್ನೇ ಅಮೆರಿಕದ ಸರಕಾರ ಮತ್ತೆ ಕಿತ್ತುಕೊಂಡಿತೆಂದ. ಮುದುಕರು, ಬಾಣಂತಿಯರೆನ್ನದೆ ಚಳಿಯಲ್ಲಿ ನಡೆಸಿ ಸಾವಿರಗಟ್ಟಲೆ ಜನರನ್ನು ದಾರಿಯಲ್ಲೇ ಸಾಯಿಸಿದರೆಂದ. "ಅವರು ಮಾಡಿದ ತಪ್ಪು ಎಂತ? ಅಲ್ಲಿ ಮೊದಲೇ ಇದ್ದದ್ದು!" ಸಭೆಯೆಲ್ಲ ಅವನ ಕಡೆಗೆ ವಾಲಿತು.

ನಳಿನಾಕ್ಷಿಗೆ ಹಟ ಹುಟ್ಟಿತು. "ಮೊನ್ನೆ ಬರಗಾಲದಲ್ಲಿ ನಮ್ಮ ರೇಷನ್ ಅಂಗಡಿಗೆ ಬಂದ ಗೋಧಿ ಎಲ್ಲಿಯದು?" ಎಂದು ಶುರು ಮಾಡಿದಳು. ಬೇಟೆಯಾಡಿಕೊಂಡಿದ್ದ ಬಯಲಿನಲ್ಲಿ ರೈಲು ಓಡಿತು, ಪೈರು ಬಂತು, ಲೋಕದ ಹೊಟ್ಟೆ ತುಂಬಿತು ಎಂದಳು. ಜನ ಇನ್ನೂ ಒಲಿದಿರಲಿಲ್ಲ. ಊರಿನದ್ದೇ ಒಂದು ಉದಾಹರಣೆ ಬೇಕಿತ್ತು. ಆ ಗಳಿಗೆಯಲ್ಲಿ ಅವಳಿಗೆ ಹೊಳೆದದ್ದು ಒಂದೇ.

"ಕುಲಶೇಖರದಲ್ಲಿ ಒಂದೂವರೆ ಎಕರೆ ಉಂಟು. ಇಬ್ಬರು ಹೆಂಗಸರು ಬಸಳೆ ಬೆಳೆದುಕೊಂಡು ಕೂತಿದ್ದಾರೆ. ಅಲ್ಲೊಂದು ಹಂಚಿನ ಕಾರ್ಖಾನೆ ಎದ್ದರೆ ನೂರು ಮನೆಯ ಒಲೆ ಉರೀತದೆ. ಇಬ್ಬರಿಗಾಗಿ ನೂರು ಜನ ಉಪವಾಸ ಬೀಳಬೇಕಾ? ನೆಲ ಯಾರ ಕೈಯಲ್ಲಿ ಹೆಚ್ಚು ಫಲ ಕೊಡ್ತದೋ ಅವರದ್ದು!"

ಅಬ್ಬಬ್ಬಾ, ಆ ಚಪ್ಪಾಳೆ! ಬಹುಮಾನದ ಬಟ್ಟಲು ಕೊಡಲು ಎದ್ದವರು ಆ ದಿನದ ಅತಿಥಿ, ಗುಣಪಾಲ ಹೆಗ್ಡೆಯವರೇ. "ಭೇಷ್, ನಮ್ಮ ಗುಲಾಬಿಯ ಮಗಳಲ್ವಾ!" ಎಂದು ತಲೆ ಸವರಿದರು. ಹುಡುಗಿ ಉಬ್ಬಿಹೋದಳು. ಅಮ್ಮ ಬಟ್ಟಲನ್ನು ನೆರೆಕರೆಗೆಲ್ಲ ತೋರಿಸಿ ಬಂದಳು.

ಬಿಸುವಿನ ಬೆಳಿಗ್ಗೆ ತಾಯಿ ಮಗಳು ಬುಟ್ಟಿ ಹೊತ್ತು ಧನಿಯ ಜಗಲಿ ಹತ್ತಿದರು. ಹೆಗ್ಡೆಯವರು ಬುಟ್ಟಿ ನೋಡಿದರು. "ಒಳಗಿಡು" ಎನ್ನಲಿಲ್ಲ.

"ಈ ಸಲ ಬೇಡ ಗುಲಾಬಿ. ವಾಪಸ್ ತಕೊಂಡು ಹೋಗು."

ಗುಲಾಬಿಗೆ ಅರ್ಥವಾಗಲಿಲ್ಲ. "ಸೌತೆ ಸಣ್ಣದಾಯ್ತಾ ಧನಿ?"

"ಹಾಗಲ್ಲ. ಹಂಚಿನ ಕಾರ್ಖಾನೆಯವರು ಆ ಜಾಗ ಕೇಳ್ತಾ ಎರಡು ವರ್ಷ ಆಯ್ತು. ವಿಧವೆಯನ್ನು ಎಬ್ಬಿಸಿದರೆ ಊರು ಎಂತ ಹೇಳೀತು ಅಂತ ನಾನೇ ಹಿಂದೆ ಮುಂದೆ ನೋಡ್ತಿದ್ದೆ. ನಿನ್ನ ಮಗಳು ನನ್ನ ಕಣ್ಣು ತೆರೆಸಿದಳು ನೋಡು. ಮಳೆಗಾಲದ ಒಳಗೆ ಬಿಟ್ಟುಕೊಡಿ."

ನಳಿನಾಕ್ಷಿ ಅಮ್ಮನನ್ನು ದಾಟಿ ಮುಂದೆ ಬಂದಳು. "ಧನಿ, ಅದು ಚೀಟಿಯಲ್ಲಿ ಬಂದ ಪಕ್ಷ! ನಾನು ಹಾಗೆ ನಂಬಿದವಳಲ್ಲ," ಎಂದವಳು ನಿಲ್ಲಿಸಲೇ ಇಲ್ಲ. ಇದ್ದವರನ್ನು ಎಬ್ಬಿಸಿ ಕಟ್ಟಿದ್ದು ಏಳಿಗೆಯಲ್ಲ ಎಂದಳು, ನೂರು ಒಲೆಯ ಲೆಕ್ಕದಲ್ಲಿ ಆರಿದ ಒಲೆಯನ್ನು ಯಾರೂ ಎಣಿಸುವುದಿಲ್ಲ ಎಂದಳು. ಸ್ಪರ್ಧೆಯಲ್ಲಿ ಆಡಿದ್ದಕ್ಕಿಂತ ಎಷ್ಟೋ ಚೆನ್ನಾಗಿ ಆಡಿದಳು.

ಹೆಗ್ಡೆಯವರು ಮನಸಾರೆ ಮೆಚ್ಚಿದರು. "ಶಹಬ್ಬಾಸ್! ಈ ಪಕ್ಷದಲ್ಲಿಯೂ ಎಷ್ಟು ಚಂದ ಮಾತಾಡ್ತೀಯಾ ಮಾರಾಯ್ತಿ! ನಿನ್ನನ್ನು ಲಾ ಓದಿಸಬೇಕು," ಎಂದು ಎದ್ದು ಒಳಗೆ ಹೋದರು. ನಿಜವಾಗಿ ಮೆಚ್ಚಿಯೇ ಹೇಳಿದ್ದು. ಅದೇ ಸಂಕಟ.

ಅಂಗಳಕ್ಕಿಳಿದ ಮೇಲೆ ಗುಲಾಬಿ ಬುಟ್ಟಿಯನ್ನು ನೆಲಕ್ಕಿಟ್ಟಳು.

"ಮಗಾ, ಆ ದಿನ ನೀನು ಯಾರ ಮನೆಯ ಸುದ್ದಿ ಹೇಳಿದ್ದು?"

"ನಮ್ಮದೇ, ಅಮ್ಮ."

ಗುಲಾಬಿ ಬೈಯಲಿಲ್ಲ, ಹೊಡೆಯಲೂ ಇಲ್ಲ. ಗುರುತು ಸಿಗದವರನ್ನು ನೋಡುವ ಹಾಗೆ ಮಗಳನ್ನೇ ನೋಡುತ್ತಾ ನಿಂತಳು. ಆಮೇಲೆ ಕೇಳಿದಳು: "ಅಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರಾ?"