ದೇವರ ಹಿಂದಿನ ಬಾಟಲಿ

"ಇನ್ನೊಂದಿಷ್ಟು ಬಿಡ್ರಿ, ಅಕ್ಕಾರ," ಎಂದರು ಆಚಾರ್ಯರು.

ಸುಲಭಾಬಾಯಿ ಬಾಟಲಿಯನ್ನು ಬಗ್ಗಿಸಿ ಅವರ ಅಂಗೈಗೆ ನೀರು ಬಿಟ್ಟರು. ಆಚಾರ್ಯರು ಮಂತ್ರ ಹೇಳುತ್ತ ಅದನ್ನು ಶಶಿಕಾಂತನ ತಲೆಯಿಂದ ಪಾದದವರೆಗೆ ಚಿಮುಕಿಸಿದರು. ಹಣೆಗೆ ಹಚ್ಚಿದ್ದ ಗೋಪಿಚಂದನ ಕರಗಿ ಒಂದು ಹನಿ ಹುಬ್ಬಿಗೆ ಇಳಿಯಿತು. ಸುಲಭಾಬಾಯಿ ಅದನ್ನು ಬೆರಳಿನಿಂದ ಒರೆಸಿದರು. ಐವತ್ತೊಂಬತ್ತು ವರ್ಷದ ತಮ್ಮ. ಅವನು ಹುಟ್ಟಿದಾಗ ಇವರಿಗೆ ಹದಿಮೂರು. ಎತ್ತಿ ಆಡಿಸಿದ್ದೆಲ್ಲ ಇವರೇ.

"ಲಗೂ ಆಗಲಿ," ಎಂದ ಪಂಢರಿನಾಥ. ಅವನು ಇವರ ಕಾಕಾನ ಮಗ. ಬೆಳಗಿನ ಏಳಕ್ಕೇ ಗೋಪನಕೊಪ್ಪದಿಂದ ಸಪ್ತಾಪುರಕ್ಕೆ ಬಂದು ಬಿದಿರು, ಹಗ್ಗ, ಗಾಡಿ ಎಲ್ಲದರ ಹೊಣೆ ಹೊತ್ತಿದ್ದ. ಶಶಿಕಾಂತನಿಗೆ ಮದುವೆಯಾಗಿರಲಿಲ್ಲ, ಅಗ್ನಿ ಕೊಡುವವನೂ ಪಂಢರಿನಾಥನೇ. "ಹನ್ನೊಂದಕ್ಕ ಗಾಡಿ ಬರತದ. ಬದುಕಿದ್ದಾಗಂತೂ ಎಲ್ಲಾ ಕಡೆ ತಡಾ ಮಾಡಿದಾ. ಇವತ್ತರ ವ್ಯಾಳ್ಯಾಕ್ಕ ಹೋಗ್ಲಿ."

"ಮಂದಿ ಅವನ್ನ ಮಾತಿಗೆ ಹಿಡಕೊಂಡು ಬಿಡತಿದ್ದಿಲ್ಲೋ."

"ಮಂದಿ ಬಿಡತಿದ್ದಿಲ್ಲೋ, ಇವನ ಮಂದೀನ ಬಿಡತಿದ್ದಿಲ್ಲೋ? ನನ್ನ ಮಗಾ ಸಂಕೇತನ ಮುಂಜವಿಗೆ ಬಂದವಾ ಪಂಕ್ತಿ ಬಿಟ್ಟೆದ್ದು, ಭಾಂಡೆ ತಿಕ್ಕೋಕಿ ಮುಂದ ಕೂತು, ನಿಮ್ಮ ಓಣ್ಯಾಗ ನಳಾ ಎಷ್ಟ ದಿವಸಕ್ಕೊಮ್ಮೆ ಬರತದವಾ ಅಂತ ಬರಕೊಳ್ಳಿಕತ್ತಿದ್ದಾ!"

ಮೂಲೆಯಲ್ಲಿ ಕುಳಿತ ಹೆಂಗಸರಲ್ಲಿ ಒಬ್ಬಾಕೆ ನಕ್ಕು, ನಕ್ಕದ್ದಕ್ಕೆ ನಾಚಿ ಮತ್ತೆ ಸೆರಗು ಬಾಯಿಗಿಟ್ಟುಕೊಂಡಳು.

ಸುಲಭಾಬಾಯಿ ಬಾಟಲಿಯ ಮುಚ್ಚಳ ತಿರುಗಿಸಿ ಅದನ್ನು ಮಡಿಲಲ್ಲಿ ಸೆರಗಿನ ಮರೆಗೆ ಇಟ್ಟುಕೊಂಡರು. ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು. ಬೆಳಗಿನ ಐದಕ್ಕೆ ಶಶಿಕಾಂತನ ಉಸಿರು ಮೇಲೆ ಸೆಳೆಯತೊಡಗಿದಾಗ ಅವರಿಗೆ ಮೊದಲು ನೆನಪಾದದ್ದು ಕಾಶಿಯಿಂದ ತಂದ ತಾಮ್ರದ ಗಿಂಡಿ. ಆದರೆ ಅದರ ಬಾಯಿಗೆ ಬೆಸುಗೆ. ಬಿಡಿಸಲು ಇಕ್ಕಳ ಬೇಕು, ಗಂಡಸರ ಕೈ ಬೇಕು. ದೇವರ ಹಿಂದೆ ಬಿಳಿ ಬಟ್ಟೆ ಸುತ್ತಿ, ಕೆಂಪು ಅರಗಿನ ಮುದ್ರೆ ಹಾಕಿದ್ದ ಈ ಬಾಟಲಿ ಇತ್ತು. ತಿಂಗಳ ಹಿಂದೆ ಶಶಿಕಾಂತನೇ ತಂದಿಟ್ಟಿದ್ದ. ಅರಗು ಒಡೆದು, ತುಳಸಿದಳ ಹಾಕಿ, ಎರಡು ಚಮಚೆ ಬಾಯಿಗೆ ಬಿಟ್ಟಿದ್ದರು. ಅವನ ಗಂಟಲು ಒಮ್ಮೆ ಅಲುಗಿತ್ತು. ಮುಖ ಹುಳಿ ತಿಂದವನ ಹಾಗೆ ಕಿವುಚಿ, ಆಮೇಲೆ ಸಡಿಲಾಗಿತ್ತು. ಗಂಗೆ ಒಳಗೆ ಹೋಯಿತು, ಜೀವ ಹೊರಗೆ ಹೋಯಿತು ಎಂದು ಅವರು ಕೈ ಮುಗಿದಿದ್ದರು. ಬೆಳಗಿನಿಂದ ಅವರನ್ನು ಹಿಡಿದು ನಿಲ್ಲಿಸಿದ್ದ ಸಮಾಧಾನ ಅದೊಂದೇ.

ಬಾಗಿಲಲ್ಲಿ ಮಾನಸಿ ಕಾಣಿಸಿದಳು. ಶಶಿಕಾಂತನ ಆಫೀಸಿನಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿ. ಅವಳ ಹಿಂದೆ, ಚಪ್ಪಲಿ ಬಿಟ್ಟು ಹೊಸ್ತಿಲಾಚೆಯೇ ನಿಂತ ಒಬ್ಬ ಹೆಂಗಸು. ಐವತ್ತರ ಆಸುಪಾಸು, ತಲೆ ತುಂಬ ಸೆರಗು. ಅವಳ ಗಂಡನಿರಬೇಕು, ಕೈಗೆ ಎಣ್ಣೆಮಸಿ ಹತ್ತಿದವನು, ಗೇಟಿನ ಹತ್ತಿರವೇ ಟೊಪ್ಪಿಗೆ ತೆಗೆದು ಹಿಡಿದುಕೊಂಡಿದ್ದ.

"ಯಾರವಾ?" ಎಂದರು ಸುಲಭಾಬಾಯಿ.

"ತಾರಿಹಾಳದಾಕಿರಿ, ಬಾಯಾರ. ಬಿಬಿಜಾನ ಅಂತ. ಅವರು ನಮ್ಮ ಯಜಮಾನರು, ಬಡೇಸಾಬ." ಹೆಂಗಸು ಒಳಗೆ ಶಶಿಕಾಂತನತ್ತ ನೋಡಿದಳು. "ಸಾಹೇಬರ ಪುಸ್ತಕದಾಗ ನಮ್ಮ ಹೆಸರಿಲ್ರಿ, ಬರೇ ನಂಬರ. ಹದಿನೇಳನೇ ನಂಬರ ಮನಿ ನಾವು."

ಹದಿನೇಳು. ಸುಲಭಾಬಾಯಿಯ ಹೆಬ್ಬೆರಳು ಮಡಿಲಿನ ಬಾಟಲಿಯ ಮೇಲೆ ನಿಂತಿತು. ಬಟ್ಟೆ ಬಿಚ್ಚಿದ ಮೇಲೆ ಅದರ ಚೀಟಿಯಲ್ಲಿ ಅವರು ಓದಿದ್ದ ಅಂಕಿ ಅದೇ. ಗಂಗೆಯ ಬಾಟಲಿಗೆ ನಂಬರೇಕೆ ಎಂದು ಬೆಳಿಗ್ಗೆ ಅವರಿಗೆ ಹೊಳೆದಿರಲೇ ಇಲ್ಲ.

*

ಶಶಿಕಾಂತ ಮೂವತ್ತೊಂದು ವರ್ಷ ಮಾಡಿದ್ದು ಒಂದೇ ಕೆಲಸ: ಮನೆ ಮನೆಗೆ ಹೋಗಿ ಪ್ರಶ್ನೆ ಕೇಳುವುದು. ಧಾರವಾಡದ ಸಂಶೋಧನಾ ಕೇಂದ್ರವೊಂದರಲ್ಲಿ ದೊಡ್ಡ ದೊಡ್ಡ ಪಂಡಿತರು ಬಡತನದ ಮೇಲೆ, ನೀರಿನ ಮೇಲೆ, ಕಾಡಿನ ಮೇಲೆ ಪುಸ್ತಕ ಬರೆಯುತ್ತಿದ್ದರು. ಅವರಿಗೆ ಬೇಕಾದ ಉತ್ತರಗಳನ್ನು ಇವನು ಸೈಕಲ್ಲಿನ ಮೇಲೆ, ಆಮೇಲೆ ಹಳೆಯ ಸ್ಕೂಟರಿನ ಮೇಲೆ ಹೋಗಿ ತರುತ್ತಿದ್ದ.

ಹೊಸ ಪ್ರಶ್ನಾವಳಿ ಬಂದಾಗಲೆಲ್ಲ ಮೊದಲ ಪ್ರಯೋಗ ಅಕ್ಕನ ಮೇಲೆ.

"ಈ ಮನ್ಯಾಗ ನೀರು ತುಂಬೋರು ಯಾರು?"

"ಕಣ್ಣ ಕಾಣಂಗಿಲ್ಲೇನು? ನಾನ."

"ಹಂಗ ಬರಿಲಿಕ್ಕೆ ಬರಂಗಿಲ್ಲಕ್ಕಾ. ಹೆಣ್ಣುಮಕ್ಕಳು, ಗಂಡಸರು, ಇಬ್ಬರೂ. ಮೂರರಾಗ ಒಂದು ಹೇಳು."

"ಗಂಡಸರು ಬರೇ ಪ್ರಶ್ನಿ ಕೇಳತಾರ ಅಂತ ಬರಕೋ."

ಅವನು ನಗುತ್ತಿದ್ದ. ಅಂಚಿನಲ್ಲಿ ಅದನ್ನೂ ಸಣ್ಣಕ್ಷರದಲ್ಲಿ ಬರೆದುಕೊಳ್ಳುತ್ತಿದ್ದ.

ಅವರಿಬ್ಬರ ನಡುವೆ ಇದ್ದ ಜಗಳವೂ ಒಂದೇ. ಅವನು ಹೋದ ಹೋದ ಮನೆಯಲ್ಲಿ ನೀರು ಕುಡಿಯುತ್ತಿದ್ದ. ಮಡಿ ಮೈಲಿಗೆ ಏನೂ ನೋಡುತ್ತಿರಲಿಲ್ಲ. ಸುಲಭಾಬಾಯಿ ಅವನಿಗಾಗಿ ಹಿತ್ತಲಲ್ಲಿ ಬೇರೆ ತಂಬಿಗೆ ಇಟ್ಟಿದ್ದರು. ಸ್ನಾನವಾಗದೆ ಅಡಿಗೆಮನೆಗೆ ಬಿಡುತ್ತಿರಲಿಲ್ಲ. "ಕಂಡಕಂಡಲ್ಲೆ ಕುಡದು ಬರತೀ, ಏನು ಅಂಥಾ ನೀರಡಿಕಿ ನಿನಗ?" ಎಂದು ಬೈಯುತ್ತಿದ್ದರು.

"ಅವರ ನೀರಿನ ಸುದ್ದಿ ತಾಸುಗಟ್ಟಲೆ ಕೇಳತೇನಿ. ಅವರು ಕೊಟ್ಟ ನೀರು ಬ್ಯಾಡ ಅಂದ್ರ ನಾಳೆ ನನಗ ಖರೇ ಯಾರು ಹೇಳತಾರ?" ಎನ್ನುತ್ತಿದ್ದ ಅವನು.

*

ಮಾನಸಿ ಸುಲಭಾಬಾಯಿಯ ಪಕ್ಕದಲ್ಲಿ ಕುಳಿತು ಬಹಳ ಹೊತ್ತು ಅತ್ತಳು. ಆಮೇಲೆ ದನಿ ತಗ್ಗಿಸಿ ಹೇಳಿದಳು:

"ಮಾವಶಿ, ಇಂಥಾ ಹೊತ್ತಿನ್ಯಾಗ ಕೇಳಬಾರದು. ಆದ್ರ ಸೋಮವಾರ ಸಭಾ ಅದ. ಸರ್ ಒಂದು ಬಾಟಲಿ ಮನ್ಯಾಗ ಇಟ್ಟಿದ್ರು. ಕೆಂಪ ಅರಗು ಹಾಕಿದ್ದು."

"ಯಾವ ನೀರವಾ ಅದು?"

"ಇವರ ಭಾವಿದು. ಮಗ್ಗಲಿನ ಕಾರ್ಖಾನಿಯಿಂದ ಭಾವಿಗೆ ವಿಷ ಇಳೀಲಿಕತ್ತದ ಅಂತ ನಮ್ಮ ಅಭ್ಯಾಸದಾಗ ಬಂತು. ಒಂದು ಬಾಟಲಿ ನೋಡಿ ಹೆಂಗ ನಂಬೋದು ಅಂತ ಕಾರ್ಖಾನಿಯವರು ತಕರಾರು ತಗದ್ರು. ಅದಕ್ಕ ಸರ್ ಮತ್ತ ಹೋಗಿ ಇನ್ನೊಂದು ಬಾಟಲಿ ತುಂಬಿ, ಇವರ ಎದುರಿಗೇ ಮುದ್ರಿ ಒತ್ತಿದ್ರು. ಸೋಮವಾರ ಸಭಾದಾಗ ಎಲ್ಲಾರ ಮುಂದ ಮುದ್ರಿ ಒಡದು ಪರೀಕ್ಷಾಕ್ಕ ಕೊಡಬೇಕು. ಆಫೀಸಿನ ಖೋಲಿ ಖಾಲಿ ಮಾಡಿಸಲಿಕತ್ತಿದ್ರು, ಅದಕ್ಕ ಮನೀಗೆ ತಂದ್ರು."

"ಇನ್ನೊಂದು ಬಾಟಲಿ ತುಂಬಕೊಂಡ್ರಾತಲ್ಲಾ?"

ಉತ್ತರ ಹೊಸ್ತಿಲಿನಿಂದ ಬಂತು. "ಭಾವಿನ ಇಲ್ರಿ, ಬಾಯಾರ," ಎಂದಳು ಬಿಬಿಜಾನ. "ಹೋದ ವಾರ ಜಾಗಾದ ಮಾಲಕರು ಕಲ್ಲು ಮಣ್ಣು ಹಾಕಿ ಮುಚ್ಚಿಬಿಟ್ರು. ನಮ್ಮ ಮೊಮ್ಮಗಳು ಅಫ್ರೀನನ ಕಾಲ ತುಂಬ ಹುಣ್ಣು ಅದಾವ್ರಿ. ಕೇಳಿದ್ರ, ನಿಮ್ಮ ಭಾವಿ ಎಲ್ಲೈತಿ ತೋರಸ್ರಿ ಅಂತಾರ. ಈಗ ಆ ಬಾಟ್ಲಿ ಒಂದ ನಮ್ಮ ಸಾಕ್ಷಿ."

ಸುಲಭಾಬಾಯಿ ಬಾಟಲಿಯ ಮೇಲೆ ಸೆರಗನ್ನು ಇನ್ನಷ್ಟು ಎಳೆದುಕೊಂಡರು.

"ಅದರಾಗ ಬರೇ ನೀರ ಏನವಾ?"

"ಕೆಡಬಾರದಂತ ನಾಕು ಹನಿ ಆ್ಯಸಿಡ್ ಹಾಕಿರತಾರ್ರಿ ಮಾವಶಿ."

ಹುಳಿ ತಿಂದವನ ಹಾಗೆ ಕಿವುಚಿದ ಆ ಮುಖ.

"ನೋಡಿ ಬರತೇನಿ," ಎಂದು ಸುಲಭಾಬಾಯಿ ಎದ್ದರು. ಬಾಟಲಿಯನ್ನು ಸೆರಗಿನೊಳಗೇ ಹಿಡಿದು ದೇವರಮನೆಗೆ ನಡೆದರು.

*

"ಅಕ್ಕಾ, ಇದನ್ನ ದೇವರ ಹಿಂದ ಇಡತೇನಿ," ಎಂದಿದ್ದ ಶಶಿಕಾಂತ. ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಿದ್ದ. "ಕತ್ತಲ್ಯಾಗಿರಬೇಕು. ಯಾರೂ ಮುಟ್ಟಬಾರದು. ಇಲ್ಲ್ಯಾದ್ರ ನಿನ್ನ ಮಡಿ ಕಾವಲಿರತದ."

"ನೀರೇನೋ?"

"ಹೂಂ. ಭಾಳ ಜತನಾ ಮಾಡಿ ಇಡಬೇಕಾದ ನೀರು."

ದೇವರ ಹಿಂದೆ ಇಡುವ, ಮುದ್ರೆ ಹಾಕಿದ, ಯಾರೂ ಮುಟ್ಟಬಾರದ ನೀರು ಗಂಗೆಯಲ್ಲದೆ ಮತ್ತೇನಿದ್ದೀತು? ಅವರು ಕೈ ಮುಗಿದು ಅಕ್ಷತೆ ಹಾಕಿದ್ದರು. ಆವತ್ತಿನಿಂದ ದಿನಾ ಅದಕ್ಕೊಂದು ಹೂವೂ ಏರಿಸುತ್ತಿದ್ದರು. ಶಶಿಕಾಂತ ಅದನ್ನು ಕಂಡಿದ್ದ. ಕಂಡು ಏನೂ ಅಂದಿರಲಿಲ್ಲ. ಅದು ಯಾಕೆ ಎಂದು ಈಗ ಕೇಳುವುದು ಯಾರನ್ನು?

*

ಪಂಢರಿನಾಥ ಹಿಂದೆಯೇ ದೇವರಮನೆಗೆ ಬಂದ. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಸುಲಭಕ್ಕಾ, ಸುಮ್ಮನಿರು. ಬಾಟ್ಲಿ ಕೆಳಗ ಬಿದ್ದು ಚಲ್ಲಿತು ಅಂತ ಹೇಳು. ಮುಗೀತು."

"ಪಂಢರಿ, ನಾ ಅವನ ಬಾಯಾಗ ಏನ ಹಾಕಿದೆನೋ?"

"ನೀರು ಹಾಕಿದಿ. ಡಾಕ್ಟರು ಎರಡು ದಿವಸದ ಹಿಂದನ ಕೈ ಬಿಟ್ಟಿದ್ರು. ನಿನ್ನಿಂದ ಏನೂ ಆಗಿಲ್ಲ. ಆದ್ರ ಹೊರಗ ಗೊತ್ತಾದ್ರ ಊರ ಮಂದಿ ಏನ ಆಡಿಕೋತಾರ? ಅಷ್ಟ ಮಡಿಯಾಕಿ ಸ್ವಂತ ತಮ್ಮಗ ಗಂಗಿ ಬದಲಿ ಕಾರ್ಖಾನಿ ನೀರು ಹಾಕಿದಳು ಅಂತ ಅನಸಗೋತೀಯೇನು? ಗಿಂಡಿ ತಾ ಇಲ್ಲೆ. ಇಕ್ಕಳ ತಂದು ಬಿಡಸ್ತೇನಿ. ಈಗ ಹಾಕು."

"ಈಗ ಹಾಕಿದ್ರ ನಡೀತದೇನು?"

ಆಚಾರ್ಯರನ್ನು ಒಳಗೆ ಕರೆದು ಕೇಳಿದರು. "ನಿಮ್ಮ ಮನಸಿನ್ಯಾಗ ಗಂಗಿ ಇತ್ತಲ್ಲ, ಅಕ್ಕಾರ. ಅದು ಗಂಗೀನ ಅನ್ನಬೇಕು. ಆದ್ರ ಖಡಾಖಂಡಿತ ಅಂದ್ರ..." ಅವರು ಉತ್ತರೀಯ ಸರಿಪಡಿಸಿಕೊಂಡರು. "ಗ್ರಂಥ ನೋಡಿ ಹೇಳಬೇಕಾಗತದ."

ಹೊಸ್ತಿಲಾಚೆ ಬಿಬಿಜಾನ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು. "ಸಾಹೇಬರು ಇಡೀ ಓಣ್ಯಾಗ ಎಲ್ಲಾರ ಮನ್ಯಾಗ ನೀರು ಕುಡದ್ರು. ನಮ್ಮನಿಗೆ ನಾಕ ಸಲ ಬಂದ್ರು, ತುಂಬಿದ ಗ್ಲಾಸು ಹಂಗ ಬಿಟ್ಟು ಎದ್ರು. ನನಗ ಭಾಳ ಕೆಟ್ಟ ಅನಿಸಿತ್ರಿ. ನಮ್ಮ ಜಾತಿ ನೋಡಿ ಬಿಟ್ರು ಅನ್ಕೊಂಡೆ. ಅಂದೂಬಿಟ್ಟೆ. ಆವಾಗ ಅವರ ಕಣ್ಣಾಗ ನೀರು ಬಂದ್ವು. ಪರೀಕ್ಷಾದ ಕಾಗದ ಬರೂತನಕ ಬಾಯಿ ಬಿಡಬಾರದಂತ ಅವರಿಗೆ ಕಟ್ಟಳಿ ಇತ್ತಂತ್ರಿ. ಆದ್ರೂ ಹೇಳಿದ್ರು. ಬಿಬಿಜಾನ ಬುವಾ, ಈ ನೀರು ನೀವೂ ಕುಡೀಬ್ಯಾಡ್ರಿ ಅಂದ್ರು."

ಸುಲಭಾಬಾಯಿ ದೇವರ ಮುಂದೆ ಹಾಗೆಯೇ ನಿಂತರು. ಮೂವತ್ತೊಂದು ವರ್ಷ ಸಿಕ್ಕಸಿಕ್ಕಲ್ಲಿ ನೀರು ಕುಡಿದವನು ಒಂದೇ ಒಂದು ಮನೆಯ ನೀರನ್ನು ಬಿಟ್ಟಿದ್ದ. ಆ ನೀರನ್ನು ಇವರು ತುಳಸಿ ಹಾಕಿ ಕುಡಿಸಿದ್ದರು.

ಇದು ಶ್ರೀಹರಿಯ ಚಿತ್ತವೋ, ತಮ್ಮ ಕಣ್ಣಿನ ಪೊರೆಯೋ, ತಿಳಿಯಲಿಲ್ಲ. ಬಾಟಲಿ ಹಿಡಿದುಕೊಂಡು ಹೊರಗೆ ಬಂದರು. ಪಂಢರಿನಾಥ "ಅಕ್ಕಾ!" ಎಂದದ್ದು ಬೆನ್ನಿಗೆ ಬಿತ್ತು.

"ಮುದ್ರಿ ನಾ ಒಡದೆನವಾ," ಎಂದು ಬಾಟಲಿಯನ್ನು ಮಾನಸಿಯ ಎದುರಿಗೆ ಇಟ್ಟರು. "ಗಂಗಾ ಅನ್ಕೊಂಡೆ. ಹೋಗೋ ಹೊತ್ತಿಗೆ ಅವನ ಬಾಯಾಗ ಎರಡು ಚಮಚಾ ಹಾಕಿದೆ. ಇನ್ನೊಂದಿಷ್ಟು ಆಚಾರ್ಯರು ಚಿಮುಕಿಸಿದ್ರು."

ಹೊರಗೆ ಬಿದಿರು ಕಟ್ಟುವವರ ಸದ್ದು ನಿಂತಿತು. ಮಾನಸಿ ಬಾಯಿ ಮುಚ್ಚಿಕೊಂಡಳು.

"ನಾನ ಅವನ್ನ..." ಎಂದರು ಸುಲಭಾಬಾಯಿ.

"ಇಲ್ಲ ಮಾವಶಿ, ಇಲ್ಲ. ಲಿಂಬಿಹಣ್ಣಿನ ರಸದಷ್ಟ ಹುಳಿ ಇರತದ, ಅಷ್ಟ. ಎರಡು ಚಮಚಾದಿಂದ ಏನೂ ಆಗಂಗಿಲ್ಲ." ಅವಳು ಹೇಳಿದ್ದು ಸರಿಯಿರಬೇಕು. ಆದರೆ ಸುಲಭಾಬಾಯಿಗೆ ಕಾಣುತ್ತಿದ್ದದ್ದು ಒಮ್ಮೆ ಅಲುಗಿದ ಆ ಗಂಟಲು ಮಾತ್ರ.

ಅವರು ಬಿಬಿಜಾನಳತ್ತ ನೋಡಿದರು. ಬೈಗುಳವೋ ಅಳುವೋ, ಏನು ಬಂದರೂ ಬರಲಿ ಎಂದು ನಿಂತರು.

ಬಿಬಿಜಾನ ಬಾಟಲಿಯನ್ನೂ ಶಶಿಕಾಂತನನ್ನೂ ನೋಡಿದಳು. "ಅಂದ್ರ," ಎಂದಳು ತಡೆದು ತಡೆದು, "ಕೊನೀಗೆ ನಮ್ಮನಿ ನೀರು ಕುಡದ ಹೋದ್ರೇನ್ರಿ?"

ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳುವಂತಿರಲಿಲ್ಲ. ಅವಳಿಗೂ ತಿಳಿದಿರಲಿಕ್ಕಿಲ್ಲ.

ಮಾನಸಿ ಕಣ್ಣೊರೆಸಿಕೊಂಡು ಚೀಲದಿಂದ ಒಂದು ಕಾಗದ ತೆಗೆದಳು. "ಮಾವಶಿ, ಯಾರು ಒಡದ್ರು, ಎಷ್ಟಕ್ಕ ಒಡದ್ರು, ಎಷ್ಟು ತಗೊಂಡ್ರು, ಯಾಕ ಅಂತ ನಿಮ್ಮ ಕೈಲೇ ಬರದು ಕೊಡ್ರಿ. ಉಳದದ್ದನ್ನ ಪರೀಕ್ಷಾ ಮಾಡಸ್ತೇನಿ. ಒಪ್ಪತಾರೋ ಇಲ್ಲೋ, ಗೊತ್ತಿಲ್ಲ."

"ಸೂತಕದಾಗ ಸಹಿ ಮಾಡತೀಯಾ?" ಎಂದ ಪಂಢರಿನಾಥ.

ಸುಲಭಾಬಾಯಿ ಕಾಗದ ತೆಗೆದುಕೊಂಡರು. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ತಿದ್ದಿಸಿದ ಕೈ. ಅಕ್ಷರ ದುಂಡಗೆ ಬಂದವು. ಒಡೆದವರು: ಸುಲಭಾ. ಸಮಯ: ಬೆಳಗಿನ ಐದು. 'ಕಾರಣ' ಎಂಬಲ್ಲಿ ಲೇಖನಿ ಬಹಳ ಹೊತ್ತು ನಿಂತಿತು. ಆಮೇಲೆ ಬರೆದರು: ಗಂಗೆ ಎಂದು ತಿಳಿದು, ಸಾಯುವ ತಮ್ಮನ ಬಾಯಿಗೆ.

ಹೊರಗೆ ಗಾಡಿ ಬಂದು ಹಾರ್ನು ಹಾಕಿತು. ಪಂಢರಿನಾಥ ಬೆಸುಗೆ ಬಿಡಿಸಿದ ಗಿಂಡಿಯನ್ನು ತಂದು ಅವರ ಕೈಗೆ ಕೊಟ್ಟ. ಅವನ ದನಿಯಲ್ಲಿ ಈಗ ಸಿಟ್ಟಿರಲಿಲ್ಲ. "ಹಾಕಕ್ಕಾ. ಹಾಕಿಬಿಡು."

ಸುಲಭಾಬಾಯಿ ತಮ್ಮನ ತಲೆಯ ಹತ್ತಿರ ಕುಳಿತು ಒಂದು ಚಮಚೆ ಗಂಗೆಯನ್ನು ಅವನ ತುಟಿಯ ಮೇಲೆ ಬಿಟ್ಟರು. ಆರು ತಾಸಿನ ಹಿಂದೆ ತೆರೆದಿದ್ದ ಬಾಯಿ ಈಗ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಗದ್ದಕ್ಕೆ ಬಿಳಿ ಬಟ್ಟೆಯೂ ಕಟ್ಟಿತ್ತು. ನೀರು ತುಟಿಯ ಸಂದಿನಲ್ಲಿ ಸ್ವಲ್ಪ ನಿಂತು, ಕೆನ್ನೆಗುಂಟ ಹರಿದು, ಕಿವಿಯ ಕುಳಿಯನ್ನು ತುಂಬಿ ಚೆಲ್ಲತೊಡಗಿತು. ಇನ್ನೊಂದು ಚಮಚೆ ಬಿಟ್ಟರು. ಅದೂ ಹಾಗೆಯೇ ಹರಿಯಿತು.

ಬಿಬಿಜಾನ ಹೊಸ್ತಿಲು ದಾಟಿ ಬಂದು ಮಂಡಿಯೂರಿ ಕುಳಿತಳು. ಸೆರಗಿನ ತುದಿಯನ್ನು ಮಡಚಿ ಅವನ ಕಿವಿಯ ಕೆಳಗೆ ಹಿಡಿದಳು. ಆಚಾರ್ಯರು ಏನೋ ಹೇಳಲೆಂದು ತೆರೆದ ಬಾಯಿ ತೆರೆದೇ ಉಳಿಯಿತು. ಹನಿಗಳು ಒಂದೊಂದಾಗಿ ಆ ಸೆರಗಿನೊಳಗೆ ಇಂಗುತ್ತಿದ್ದವು. ಗಾಡಿ ಮತ್ತೆ ಹಾರ್ನು ಹಾಕಿತು. ಸುಲಭಾಬಾಯಿ ಇನ್ನೊಂದು ಚಮಚೆ ತುಂಬಿದರು.